ಖಾಲಿ ಬಂದೂಕಿನ ಸಾಕ್ಷಿ

ಮುಧೋಳ ಸಂಸ್ಥಾನದ ಬೇಟೆಗಾರರೊಬ್ಬರು ನಮ್ಮ ನೆರೆಯವರು. ಅವರ ದಪ್ಪ ಮೀಸೆ ನನಗೆ ನೆನಪಿದೆ. ಅದು ಅವರದೋ, ಅರಮನೆಯ ಬೇರೆ ಯಾರದೋ, ಖಾತ್ರಿಯಿಲ್ಲ. ಕಣ್ಣು ಮಂಜಾಗುತ್ತಿದ್ದುದನ್ನು ಅವರು ಅರಮನೆಗೆ ಹೇಳಿರಲಿಲ್ಲ. ಕೈ ಕೆಡದಿರಲೆಂದು ದಿನಾ ಬೆಳಿಗ್ಗೆ ಅಂಗಳದಲ್ಲಿ ಗುಂಡಿಲ್ಲದ ರೈಫಲು ಹಿಡಿದು, ಗುರಿಯಿಟ್ಟು ಟ್ರಿಗರು ಒತ್ತುತ್ತಿದ್ದರು. ಅದಕ್ಕೆ ಮೊದಲು ಬೋಲ್ಟು ಎಳೆದು ಗುಂಡಿನ ಗೂಡು ತೆರೆದು ನಮ್ಮ ಅತ್ತೆಯನ್ನು ಕರೆಯುತ್ತಿದ್ದರು: "ನನ್ನ ಕಣ್ಣ ನಂಬಬ್ಯಾಡ ತಂಗಿ, ನೀನೂ ನೋಡು ಬಾ."

ಅತ್ತೆ ಗೋಡೆಯ ಮೇಲಿಂದ ಬಗ್ಗಿ ನೋಡಿ, "ಖಾಲಿ ಐತ್ರಿ ಕಾಕಾ" ಎನ್ನುತ್ತಿದ್ದಳು. ಆಮೇಲೆಯೇ ಟಕ್ ಎಂಬ ಸದ್ದು.

ಅದೊಂದು ದಿನ ಅತ್ತೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವರು ಎಂದಿನಂತೆ ಕರೆದರು; "ಖಾಲಿ ಐತ್ರಿ" ಎಂದು ಅವಳು ಅಂದದ್ದು ಕೇಳಿಸಿತು. ಅವರು ಬೋಲ್ಟು ಮುಚ್ಚಿ ಕೊಟ್ಟಿಗೆಯ ಬಾಗಿಲಿಗೆ ಗುರಿಯಿಟ್ಟರು. ಬಾಗಿಲಾಚೆ ಅವರ ಹೆಂಡತಿ ಎಮ್ಮೆ ಹಿಂಡುತ್ತಿದ್ದರು. ಟ್ರಿಗರಿನ ಮೇಲೆ ಅವರ ಬೆರಳು ತಡೆಯಿತು.

"ಇವತ್ತ ನಿನ್ನ ದನಿ ದೂರಿಂದ ಬಂತಲ್ಲ, ತಂಗಿ?"

ಮತ್ತೆ ಬೋಲ್ಟು ಎಳೆದರು. ಹಿಂದಿನ ದಿನದ ಬೇಟೆಯಲ್ಲಿ ಗೂಡಿನೊಳಗೇ ಉಳಿದಿದ್ದ ಕಾಡತೂಸು ಹೊರಗೆ ಚಿಮ್ಮಿ ನೆಲಕ್ಕೆ ಬಿತ್ತು. ಅವರು ಬಗ್ಗಿ ಅದನ್ನು ತಡಕಿ ಎತ್ತಿಕೊಂಡರು. ಕೊಟ್ಟಿಗೆಯಲ್ಲಿ ಹಾಲು ತಂಬಿಗೆಗೆ ಬೀಳುವ ಸದ್ದು ನಡೆದೇ ಇತ್ತು.

ಹೋದ ವಾರ ಕೇಳಿದೆ: "ಅತ್ತಿ, ಅವತ್ತ ನೀ ಎದ್ದುಹೋಗಿ ನೋಡಿದ್ದೇನು?"

ಅತ್ತೆ ಎದ್ದುಹೋಗಿ, ಗೋಡೆಯ ಮೇಲಿಂದ ಅವರ ಅಂಗಳಕ್ಕೆ ಬಗ್ಗಿ ನೋಡಿದಳು.