ಶುಕ್ರವಾರ ಮಧ್ಯಾಹ್ನದ ವಿಮಾನ

ಆ ಸುಳ್ಳನ್ನು ನಾನು ಹೇಳಿದ್ದು ಚೆನ್ನೈ ವಿಮಾನ ನಿಲ್ದಾಣದಲ್ಲಿ, ಇಡ್ಲಿ ತಿನ್ನುತ್ತ. ಎರಡೇ ಮಾತು. ಹೇಳಿ ಮುಗಿಸಿ ಚಟ್ನಿ ಸಾಲದೆಂದು ಇನ್ನಷ್ಟು ಕೇಳಿ ಹಾಕಿಸಿಕೊಂಡಿದ್ದೂ ನೆನಪಿದೆ.

ಎರಡು ಸಾವಿರದ ಇಸವಿ ಕಳೆದು ಐದಾರು ವರ್ಷವಾಗಿತ್ತು. ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ನಮ್ಮ ಆಫೀಸು. ಹಡಗಿನಲ್ಲಿ ಬರುವ ಸರಕಿನ ಕಾಗದಪತ್ರಗಳನ್ನು ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡುತ್ತಿದ್ದೆವು. ಚೆನ್ನೈ ಬಂದರಿನ ಒಬ್ಬ ದೊಡ್ಡ ಗಿರಾಕಿ ಅದನ್ನು ಕೊಂಡ ಮೇಲೆ ನಾವು ಮೂವರು ಪ್ರತಿ ಸೋಮವಾರ ಬೆಳಿಗ್ಗೆ ಹಾರಿ, ಶುಕ್ರವಾರ ಮಧ್ಯಾಹ್ನ ಮರಳಬೇಕಾಯಿತು. ಆ ಗುಂಪಿಗೆ ನಾನೇ ಹಿರಿಯಳು. ಎರಡನೆಯವನು ಫೋರ್ಟ್ ಕೊಚ್ಚಿಯವನು, ಮಾತು ಕಡಿಮೆ. ಮೂರನೆಯವನು ನಮ್ಮ ಗದಗದವನು. ನಾನು ಪುತ್ತೂರಿನವಳು, ಅವನು ಗದಗದವನು, ನಮ್ಮಿಬ್ಬರ ಕನ್ನಡದ ನಡುವೆ ಒಂದು ರಾಜ್ಯದಷ್ಟೇ ದೂರ. ಆದರೂ ಎರ್ನಾಕುಲಂನಂಥ ಊರಿನಲ್ಲಿ ಅದೇ ದೊಡ್ಡ ನೆಂಟಸ್ತಿಕೆ. ಮೊದಲ ದಿನದಿಂದಲೇ ಅವನು ನನ್ನನ್ನು 'ಅಕ್ಕಾರ' ಎಂದ. ನಾನು ಅವನನ್ನು 'ಮಾರಾಯ' ಎಂದೆ.

ಅವನ ಹೆಂಡತಿ ತಿರುವನಂತಪುರದಲ್ಲಿ ಬಾಹ್ಯಾಕಾಶ ಸಂಸ್ಥೆಯ ಕೇಂದ್ರದಲ್ಲಿ ಕೆಲಸಕ್ಕಿದ್ದಳು. ವಾರವೆಲ್ಲ ಕೆಲಸ, ಶನಿವಾರ ಭಾನುವಾರ ಸಂಸಾರ. ಆಗಿನ ಕಾಲಕ್ಕೆ ಅಂಥ ಜೋಡಿಗಳು ನಮ್ಮಲ್ಲಿ ಬೇಕಾದಷ್ಟಿದ್ದವು. ಯಾರೂ ಅದನ್ನು ಕಷ್ಟ ಎಂದು ಹೇಳಿಕೊಳ್ಳುತ್ತಿರಲಿಲ್ಲ.

ನಮ್ಮ ಬಾಸ್ ಒಂದು ದಿನ ನನ್ನನ್ನು ಕರೆದು, ಮೂವರೂ ಮನಬಂದಂತೆ ಟಿಕೆಟ್ ತೆಗೆಯುವುದು ಬೇಡ, ಯಾವುದಾದರೂ ಒಂದೇ ವಿಮಾನ ಸಂಸ್ಥೆಯ ಸದಸ್ಯತ್ವಕ್ಕೆ ಸೇರಿಕೊಳ್ಳಿ, ಎಲ್ಲವನ್ನೂ ಹೋಲಿಸಿ ಒಂದು ಹಾಳೆಯಲ್ಲಿ ಬರೆದು ಕೊಡಿ ಎಂದರು. ಪದೇ ಪದೇ ಹಾರುವವರಿಗೆ ಪಾಯಿಂಟು ಕೊಡುವ ಯೋಜನೆಗಳು ಆಗ ಹೊಸದಾಗಿ ಎಲ್ಲರ ಬಾಯಲ್ಲಿದ್ದವು. ಎಂ.ಜಿ. ರೋಡಿನ ಟ್ರಾವೆಲ್ ಏಜೆಂಟು ಫ್ಯಾಕ್ಸಿನಲ್ಲಿ ವೇಳಾಪಟ್ಟಿಗಳನ್ನು ಕಳಿಸಿದ. ನಾನು ಎರಡು ದಿನ ಕೂತು ಓದಿದೆ. ಪರೀಕ್ಷೆಗೂ ಅಷ್ಟು ಓದಿರಲಿಲ್ಲ.

ಕೊನೆಗೆ ಉಳಿದದ್ದು ಎರಡು. ಮೊದಲನೆಯ ಸಂಸ್ಥೆ ಚೆನ್ನೈನಿಂದ ಕೊಚ್ಚಿಗೆ ಮಾತ್ರ ಬರುತ್ತಿತ್ತು. ಎರಡನೆಯದು ಕೊಚ್ಚಿಗೂ ಬರುತ್ತಿತ್ತು, ಮಧ್ಯಾಹ್ನ ಎರಡಕ್ಕೆ ನೇರವಾಗಿ ತಿರುವನಂತಪುರಕ್ಕೂ ಹೋಗುತ್ತಿತ್ತು, ದಿನಾ. ಯಾವ ಮಂಕನಿಗಾದರೂ ತಿಳಿಯುವಂತೆ ನಮ್ಮ ಮೂವರಿಗೆ ಸರಿಯಾದದ್ದು ಎರಡನೆಯದು. ನಾನು ಮೊದಲನೆಯದನ್ನು ಆರಿಸಿದೆ.

ಯಾಕೆಂದರೆ ಮೊದಲನೆಯ ಸಂಸ್ಥೆಯ ಯೋಜನೆಯಲ್ಲಿ ಒಂದು ಮಾತಿತ್ತು. ಒಂದೇ ಆಫೀಸಿನ ಮೂವರು ಸೇರಿಕೊಂಡು ಹಾರಿದರೆ, ಹೆಸರು ನೋಂದಾಯಿಸಿದ ಮುಖ್ಯಸ್ಥರಿಗೆ ಎರಡು ತಿಂಗಳಲ್ಲಿ ಬೆಳ್ಳಿ ಕಾರ್ಡು. ಬೆಳ್ಳಿ ಕಾರ್ಡು ಇದ್ದವರಿಗೆ ಬೇರೆ ಸಾಲು, ಲೌಂಜಿನಲ್ಲಿ ಸೋಫಾ, ಬಿಸಿ ತಿಂಡಿ. ನಗಬೇಡಿ. ಏಳು ಮಕ್ಕಳ ಮನೆಯಲ್ಲಿ ಆರನೆಯವಳಾಗಿ ಹುಟ್ಟಿದವಳು ನಾನು. ಬಚ್ಚಲಿಗೆ ಸಾಲು, ಊಟಕ್ಕೆ ಎರಡನೆ ಪಂಕ್ತಿ, ಬಟ್ಟೆ ಅಕ್ಕಂದಿರು ಹಾಕಿ ಬಿಟ್ಟದ್ದು. ಮೂವತ್ತೈದು ದಾಟಿದ ಮೇಲೆ ಒಮ್ಮೆಯಾದರೂ ಎಲ್ಲರಿಗಿಂತ ಮೊದಲು ಒಳಗೆ ಹೋಗುವ ಆಸೆ ನನಗಾಯಿತು. ಮನೆಯಲ್ಲಿ ಗಂಡನಿಗೆ ಹೇಳಿದರೆ, "ಆ ಕಾರ್ಡು ತೋರಿಸಿದ್ರೆ ಅವರು ನಮ್ಮ ಪಾತ್ರೆ ತೊಳೆದು ಕೊಡ್ತಾರಾ?" ಎಂದರು. ಅವರಿಗೆ ಎಲ್ಲದಕ್ಕೂ ತಮಾಷೆ.

ಹಾಳೆಯಲ್ಲಿ ನಾನು ಸುಳ್ಳು ಬರೆಯಲಿಲ್ಲ. ಬರೆಯದೆ ಬಿಟ್ಟೆ, ಅಷ್ಟೆ. ಕೊಚ್ಚಿ ವಿಮಾನಗಳನ್ನು ಮಾತ್ರ ಹೋಲಿಸಿದೆ. ಆಫೀಸು ಕೊಚ್ಚಿಯಲ್ಲಿ, ಹಾಗಾಗಿ ಕೊಚ್ಚಿ. ಬಾಸ್ ಹಾಳೆಯ ಮೇಲೆ ಕಣ್ಣಾಡಿಸಿ ಸಹಿ ಹಾಕಿದರು. ಗದಗದವನು ಈ ಚೆನ್ನೈ ಕೆಲಸಕ್ಕಿಂತ ಮೊದಲು ವಿಮಾನವನ್ನೇ ಹತ್ತಿದವನಲ್ಲ. ಫಾರಂ ಕೊಟ್ಟೆ, ಎಲ್ಲಿ ಸಹಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದೆ, ಹಾಕಿದ.

ಇದಾಗಿ ಹದಿನೈದು ದಿನಕ್ಕೆ ಅವನ ಹೆಂಡತಿ ಆಸ್ಪತ್ರೆ ಸೇರಿದಳು. ಆರನೆ ತಿಂಗಳು ನಡೆಯುತ್ತಿತ್ತು. ರಕ್ತದೊತ್ತಡ ಏರಿ, ಮಗುವಿನ ಬೆಳವಣಿಗೆ ಸಾಲದಾಗಿ, ಹೆರಿಗೆಯ ತನಕ ಹಾಸಿಗೆ ಬಿಟ್ಟು ಏಳಬಾರದು ಎಂದಿದ್ದರು. ತಿರುವನಂತಪುರದಲ್ಲೇ, ಉಳ್ಳೂರಿನ ಹತ್ತಿರದ ಒಂದು ಆಸ್ಪತ್ರೆ. ಗದಗದಿಂದ ಅವಳ ತಾಯಿ ಬಂದು ಜೊತೆಗೆ ನಿಂತರು. ಅಲ್ಲಿ ರೋಗಿಯ ಜೊತೆ ಇರುವವರನ್ನು ಬೈಸ್ಟ್ಯಾಂಡರ್ ಎನ್ನುತ್ತಾರೆ. ಆ ತಾಯಿಗೆ ಕನ್ನಡ ಬಿಟ್ಟು ಒಂದಕ್ಷರ ಬಾರದು. ದೊಡ್ಡ ಡಾಕ್ಟರು ಮನೆಯವರನ್ನು ಕೂರಿಸಿಕೊಂಡು ಮಾತಾಡುತ್ತಿದ್ದದ್ದು ವಾರಕ್ಕೊಮ್ಮೆ, ಶುಕ್ರವಾರ ಸಂಜೆ ಐದಕ್ಕೆ, ಆ ವಾರದ ಸ್ಕ್ಯಾನ್ ನೋಡಿದ ಮೇಲೆ. ಏಳರ ಮೇಲೆ ಆ ವಾರ್ಡಿಗೆ ಗಂಡಸರನ್ನು ಬಿಡುತ್ತಿರಲಿಲ್ಲ.

ಎರಡರ ವಿಮಾನ ಹತ್ತಿದ್ದರೆ ಅವನು ನಾಲ್ಕೂವರೆಗೆ ಹೆಂಡತಿಯ ಮಂಚದ ಪಕ್ಕದಲ್ಲಿರುತ್ತಿದ್ದ. ನನ್ನ ವಿಮಾನದಲ್ಲಿ ಮೂರೂವರೆಗೆ ಕೊಚ್ಚಿಯ ನೆಡುಂಬಾಶ್ಶೇರಿ ನಿಲ್ದಾಣದಲ್ಲಿ ಇಳಿದು, ಆಟೋ ಹಿಡಿದು ಆಲುವಾ ಸ್ಟೇಷನ್ನಿಗೆ ಓಡಿ, ಸಿಕ್ಕ ರೈಲಿನಲ್ಲಿ ನಿಂತು ತಿರುವನಂತಪುರ ಮುಟ್ಟುವಾಗ ಒಂಬತ್ತು ದಾಟಿರುತ್ತಿತ್ತು. ಗೇಟಿನಲ್ಲಿ ಸೆಕ್ಯೂರಿಟಿಯವನು "ನಾಳೆ ವಾ ಚೇಟ್ಟಾ", ನಾಳೆ ಬಾ ಅಣ್ಣ, ಎಂದು ಕಳಿಸುತ್ತಿದ್ದನಂತೆ. ಅದನ್ನೂ ಅವನು ನಗುತ್ತಲೇ ಹೇಳಿದ್ದ.

ಅವಳು ಆಸ್ಪತ್ರೆ ಸೇರಿದ ಎರಡನೆ ಶುಕ್ರವಾರವೇ ಅವನು ಕೇಳಿದ. ಚೆನ್ನೈ ನಿಲ್ದಾಣದ ಕ್ಯಾಂಟೀನಿನಲ್ಲಿ ನಿಂತು ಇಡ್ಲಿ ತಿನ್ನುತ್ತಿದ್ದೆವು. ಎದುರಿನ ಬೋರ್ಡು ನೋಡುತ್ತ, "ಅಕ್ಕಾರ, ಅಲ್ಲಿ ತಿರುವನಂತಪುರ ಅಂತ ಬರಾಕತ್ತೈತಲ್ರಿ, ಎರಡಕ್ಕ. ಅದರಾಗ ಹೋಗಾಕ ಬರೂದಿಲ್ಲೇನ್ರಿ?" ಎಂದ.

ಮೂವರಲ್ಲಿ ಒಬ್ಬ ಬಿಟ್ಟರೆ ಬೆಳ್ಳಿ ಕಾರ್ಡಿಲ್ಲ. ಇನ್ನೂ ಆರು ವಾರ ಬೇಕಿತ್ತು. ನಾನು ಒಂದು ಕ್ಷಣವೂ ಯೋಚಿಸಲಿಲ್ಲ, ಅದೇ ಇವತ್ತಿಗೂ ನನ್ನನ್ನು ಚುಚ್ಚುವುದು.

"ಅದನ್ನು ನಂಬ್ಲಿಕ್ಕೆ ಆಗುದಿಲ್ಲ ಮಾರಾಯ. ವಾರಕ್ಕೆ ಎರಡು ಮೂರು ಸರ್ತಿ ಕ್ಯಾನ್ಸಲ್ ಆಗ್ತದೆ, ಶುಕ್ರವಾರ ಅಂತೂ ಹೋಗುದೇ ಇಲ್ಲ. ಚೆನ್ನೈಯಲ್ಲೇ ಸಿಕ್ಕಿಹಾಕ್ಕೊಂಡ್ರೆ ಎಂತ ಮಾಡ್ತಿ?"

"ಹಂಗೇನ್ರಿ? ನೀವು ಹೇಳಿದ್ದು ಚಲೋ ಆತ್ರಿ," ಎಂದ. ಅಷ್ಟಕ್ಕೇ ಮುಗಿಯಿತು. ಮತ್ತೆ ಎಂದೂ ಕೇಳಲಿಲ್ಲ.

ಕೇಳಿದ್ದರೆ ಚೆನ್ನಾಗಿತ್ತು. ಜಗಳ ಮಾಡಿದ್ದರೆ, ಬಾಸಿನ ಹತ್ತಿರ ಹೋಗಿದ್ದರೆ ನಾನು ಬೈದುಕೊಂಡಾದರೂ ಬಿಟ್ಟುಕೊಡುತ್ತಿದ್ದೆ. ಅವನು ನಂಬಿದ. ನಂಬಿದವನ ಮುಂದೆ ಮಾತು ತಿರುಗಿಸುವುದು ಎಷ್ಟು ಕಷ್ಟವೆಂದು ಆಗ ಗೊತ್ತಾಯಿತು. ಪ್ರತಿ ಶುಕ್ರವಾರ ಬೆಳಿಗ್ಗೆ, ಇವತ್ತು ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಮಧ್ಯಾಹ್ನವಾಗುವಾಗ, ಇನ್ನು ನಾಲ್ಕೇ ವಾರ, ಇನ್ನು ಮೂರೇ ವಾರ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಶನಿವಾರ ಭಾನುವಾರ ಎರಡು ದಿನ ಪೂರ್ತಿ ಜೊತೆಗಿರುತ್ತಾನಲ್ಲ, ಒಂದು ಸಂಜೆ ತಪ್ಪಿದರೆ ಏನು ಮುಳುಗಿಹೋಯಿತು? ಹೀಗೆಲ್ಲ ನನಗೆ ನಾನೇ ವಕೀಲಿಕೆ ಮಾಡಿಕೊಂಡೆ. ಅಷ್ಟರಲ್ಲಿ ಅಲ್ಲಿ ಒಬ್ಬ ಹೆಣ್ಣುಮಗಳು ಪ್ರತಿ ಶುಕ್ರವಾರ ಐದಕ್ಕೆ ಡಾಕ್ಟರರ ಮಾತನ್ನು ಒಬ್ಬಳೇ ಕೇಳಿಸಿಕೊಂಡು, ಪಕ್ಕದಲ್ಲಿ ಕುಳಿತ ತಾಯಿ ಹೆದರಬಾರದೆಂದು ಅರ್ಧ ನುಂಗಿಕೊಂಡು ಕನ್ನಡದಲ್ಲಿ ಹೇಳುತ್ತಿದ್ದಳು.

ಕಾರ್ಡು ಬಂತು. ಕೊರಿಯರಿನವನು ಆಫೀಸಿಗೇ ತಂದುಕೊಟ್ಟ. ಆ ಶುಕ್ರವಾರ ಲೌಂಜಿಗೆ ಹೋದೆ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಬಹುದಿತ್ತು. ಗದಗದವನನ್ನೇ ಕರೆದೆ, ಪಾಪ ತೊಳೆದುಹೋಗುತ್ತದೆ ಎಂಬಂತೆ. ಅವನು ಸೋಫಾದ ತುದಿಯಲ್ಲಿ ಕೂತು, ತಿನ್ನಲು ಕೊಟ್ಟ ಚಾಕೊಲೇಟುಗಳನ್ನು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡ. "ಆಕಿಗೆ ಸೇರತಾವ್ರಿ," ಎಂದ. ಆಗಲೇ ತಿರುವನಂತಪುರದ ವಿಮಾನಕ್ಕೆ ಕರೆ ಬಂತು. ಸರಿಯಾದ ಹೊತ್ತಿಗೆ, ಒಂದು ನಿಮಿಷ ಆಚೀಚೆ ಇಲ್ಲದೆ.

"ಇವತ್ತು ಹೊಂಟೈತ್ ನೋಡ್ರಿ ಅಕ್ಕಾರ," ಎಂದ. ಅವನ ದನಿಯಲ್ಲಿ ಸಂಶಯವಿರಲಿಲ್ಲ. ಯಾರಿಗೋ ಒಳ್ಳೆಯದಾಯಿತಲ್ಲ ಎಂಬಂತೆ ಹೇಳಿದ.

"ಹೌದು, ಇವತ್ತು ಹೊರಟಿದೆ," ಎಂದೆ. ನನ್ನ ತಟ್ಟೆಯಲ್ಲಿದ್ದದ್ದನ್ನು ಮುಗಿಸಲಾಗಲಿಲ್ಲ.

ಕಾರ್ಡು ಕೈಗೆ ಬಂದ ಮೇಲಾದರೂ ಹೇಳಬಹುದಿತ್ತಲ್ಲ? ಹೇಳಲಿಲ್ಲ. ಈಗ ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎನ್ನುವುದನ್ನೂ ಹೇಳಬೇಕಲ್ಲ. ಮುಂದಿನ ಶುಕ್ರವಾರ ಹೋಯಿತು. ಅದರ ಮುಂದಿನ ಶುಕ್ರವಾರ ಸಂಜೆ ಸ್ಕ್ಯಾನ್ ನೋಡಿದ ಡಾಕ್ಟರು ಇನ್ನು ಕಾಯುವಂತಿಲ್ಲ ಎಂದರಂತೆ. ಐದೂಕಾಲಿಗೆ ಅವಳನ್ನು ಆಪರೇಷನ್ನಿಗೆ ಕರೆದೊಯ್ದರು. ಗಂಡ ಎಲ್ಲಿ ಎಂದು ಕೇಳಿದರು. ಗಂಡ ಆಗ ಎರ್ನಾಕುಲಂ ದಾಟುತ್ತಿದ್ದ ರೈಲಿನ ಬಾಗಿಲ ಬಳಿ ನಿಂತು, ಸಿಗ್ನಲ್ ಬರುತ್ತದೆಯೇ ಎಂದು ಫೋನನ್ನು ಮೇಲೆತ್ತಿ ಹಿಡಿದಿದ್ದ. ತಾಯಿಗೆ ಫಾರಂ ಓದಲು ಬಾರದು. ಅವಳೇ ಓದಿ, ಅವಳೇ ಸಹಿ ಹಾಕಿ ಒಳಗೆ ಹೋದಳು.

ತಾಯಿ ಮಗು ಇಬ್ಬರೂ ಉಳಿದರು. ಹೆಣ್ಣು ಮಗು. ತೂಕ ಸಾಲದೆ ಮೂರು ವಾರ ಗಾಜಿನ ಪೆಟ್ಟಿಗೆಯಲ್ಲಿತ್ತು. ಮಗುವನ್ನು ತಾಯಿಯ ಬಳಿಗೆ ಕೊಟ್ಟರು ಎಂದು ತಿಳಿದ ಭಾನುವಾರ ನಾನು ಬೆಳಗಿನ ರೈಲು ಹತ್ತಿ ತಿರುವನಂತಪುರಕ್ಕೆ ಹೋದೆ. ಒಂದು ಟವೆಲು, ಎರಡು ಅಂಗಿ, ಒಂದು ಸೊಳ್ಳೆಪರದೆ ತೆಗೆದುಕೊಂಡಿದ್ದೆ. ಈ ಸಲ ಹೇಳದೆ ಬರುವುದಿಲ್ಲ ಎಂದು ಗಟ್ಟಿ ಮನಸ್ಸು ಮಾಡಿದ್ದೆ.

ನಾನು ಹೋದಾಗ ಅವನು ಚಹಾ ತರಲು ಫ್ಲಾಸ್ಕು ಹಿಡಿದು ಹೊರಟಿದ್ದ. ಹೆಂಡತಿಯ ತಾಯಿ ಬಟ್ಟೆ ಒಗೆಯಲು ಹೋಗಿದ್ದರು. ಅವಳನ್ನು ನಾನು ನೋಡಿದ್ದು ಅದೇ ಮೊದಲು. ಸಣ್ಣ ಮುಖ, ದೊಡ್ಡ ಕನ್ನಡಕ. "ಬರ್ರಿ ಅಕ್ಕಾರ, ಕುಂದರ್ರಿ. ನಿಮ್ಮ ಬಗ್ಗೆ ಭಾಳ ಹೇಳ್ಯಾರ್ರಿ," ಎಂದಳು. ಮಗು ಪಕ್ಕದಲ್ಲಿ ಮಲಗಿತ್ತು, ಒಂದು ಅಂಗೈಯಷ್ಟು.

ನಾನು ಕುಳಿತುಕೊಳ್ಳಲಿಲ್ಲ. ನಿಂತೇ ಹೇಳಿದೆ. "ನಿನಗೆ ಒಂದು ವಿಷಯ ಹೇಳ್ಬೇಕು. ಚೆನ್ನೈಯಿಂದ ಇಲ್ಲಿಗೆ ಎರಡು ಗಂಟೆಗೆ ವಿಮಾನ ಉಂಟು. ದಿನಾ ಉಂಟು. ಅದು ಕ್ಯಾನ್ಸಲ್ ಆಗ್ತದೆ ಅಂತ ನಿನ್ನ ಗಂಡನಿಗೆ ಸುಳ್ಳು ಹೇಳಿದ್ದು ನಾನು. ನನಗೊಂದು ಕಾರ್ಡು ಬೇಕಿತ್ತು."

ಅವಳು ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದು ಕಾದೆ. ಎರಡಕ್ಕೂ ತಯಾರಾಗಿ ಬಂದಿದ್ದೆ.

"ದಿನಾ ಐತಿ ಅಂತ ನಂಗ ಗೊತ್ತಿತ್ರಿ," ಎಂದಳು. "ನಮ್ಮ ಆಫೀಸಿನ ಮಂದಿ ಶ್ರೀಹರಿಕೋಟಾಕ್ಕ ಹೋಗಿ ಬರೂದು ಅದರಾಗ. ಒಂದು ಶುಕ್ರವಾರ ನನ್ನ ಗೆಳತಿ ಅದರಾಗ ಇಳದು ಸೀದಾ ಇಲ್ಲಿಗೇ ಬಂದಿದ್ಲು. ಅವತ್ತ ರಾತ್ರಿ ಇವರು ಫೋನ್ ಮಾಡಿ, ಅದು ಶುಕ್ರವಾರ ಹೋಗೂದೇ ಇಲ್ಲ ಅಂದ್ರು."

ಅವಳು ಮಗುವಿನ ಬಟ್ಟೆ ಸರಿಪಡಿಸಿದಳು.

"ಡಾಕ್ಟರ್ ಮುಂದ ಕುಂದರಾಕ ಹೆದರಿ ಸುಳ್ಳು ಹೇಳಾಕತ್ತಾರ ಅಂತ ತಿಳ್ಕೊಂಡೆ. ಕೇಳಲಿಲ್ಲ ನಾ. ಹನ್ನೊಂದು ವಾರ ಆತು, ಅವರ ಜೋಡಿ ನೆಟ್ಟಗ ಮಾತಾಡಿಲ್ರಿ. ಶನಿವಾರ ಬಂದು ಬಾಜೂಕ ಕುಂತ್ರ ನಿದ್ದಿ ಬಂದಂಗ ಕಣ್ಣು ಮುಚ್ಕೊಂತಿದ್ದೆ." ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. "ಆಪರೇಷನ್ನಿಗೆ ಹೋಗೂ ಮುಂದನೂ ಅದನ್ನ ನೆನಸ್ಕೊಂಡೇ ಹೋಗೇನಿ."

ನಾನು ಲೆಕ್ಕ ಹಾಕಿಕೊಂಡು ಬಂದಿದ್ದ ತಪ್ಪು ಒಂದೇ, ಸಂಜೆಗಳದ್ದು. ಇದು ನನ್ನ ತಲೆಯಲ್ಲೇ ಇರಲಿಲ್ಲ. ನನ್ನ ಬಾಯಿಂದ ಹೊರಟ ಮಾತು ಅವನ ಬಾಯಿಂದ ಇವಳ ಕಿವಿಗೆ ಬಿದ್ದು, ಇಷ್ಟು ದಿನ ಸುಳ್ಳುಗಾರ ಅವನೇ ಆಗಿದ್ದ. ಅವನು ಬರಲಿ, ಅವನಿಗೂ ಈಗಲೇ ಹೇಳುತ್ತೇನೆ ಎಂದೆ.

"ಬ್ಯಾಡ್ರಿ." ದನಿ ಏರಿಸದೆ ಹೇಳಿದಳು. "ಅವರಿಗೆ ಹೇಳಿದ್ರ, ನಾ ಅವರನ್ನ ಏನ್ ತಿಳ್ಕೊಂಡಿದ್ದೆ ಅನ್ನೂದೂ ಹೊರಗ ಬರತೈತಿ. ಬ್ಯಾರೆ ದಾರಿ ಇದ್ದಿದ್ದಿಲ್ಲ ಅಂತ ತಿಳ್ಕೊಂಡು ಅವರು ಸಮಾಧಾನ ಆಗ್ಯಾರ. ಅದನ್ನ ಕಸ್ಕೋಬ್ಯಾಡ್ರಿ. ನೀವು ನಂಗ ಹೇಳೀರಿ, ಸಾಕು."

ಅವನು ಚಹಾ ತಂದ. ಮೂರು ಲೋಟಕ್ಕೆ ಬಗ್ಗಿಸಿದ. ಅವಳು ಅವನನ್ನೇ ನೋಡುತ್ತಿದ್ದಳು, ಅವನು ಫ್ಲಾಸ್ಕಿನ ಮುಚ್ಚಳ ತಿರುಗಿಸುವುದನ್ನೂ ಬಿಡದೆ. "ಯಾಕ, ಸಕ್ಕರಿ ಕಡಿಮಿ ಆತೇನು?" ಎಂದು ಅವನು ಕೇಳಿದ. "ಏನಿಲ್ಲ, ನೀವೂ ಕುಂದರ್ರಿ," ಎಂದು ಅವಳು ಸರಿದು ಜಾಗ ಮಾಡಿಕೊಟ್ಟಳು. ಅವನಿಗೆ ಆದ ಆಶ್ಚರ್ಯ ಅವನ ಮುಖದಲ್ಲೇ ಕಂಡಿತು.

ಕುಳಿತವನು ಮತ್ತೆ ಎದ್ದ. ಮಗುವನ್ನು ಬಟ್ಟೆ ಸಮೇತ ಎತ್ತಿ ತಂದು ನನ್ನ ಕೈಯಲ್ಲಿಟ್ಟ. "ನೋಡವಾ ಇಲ್ಲಿ, ನಿಮ್ಮಪ್ಪನ್ನ ವಾರಾ ವಾರಾ ಸಂಭಾಳಿಸಿ ಕರಕೊಂಡು ಬಂದ ಅತ್ತಿ ಇವರ," ಎಂದು ಅದಕ್ಕೆ ಹೇಳಿದ. ಮಗುವಿಗೆ ತೂಕವೇ ಇರಲಿಲ್ಲ.

ಅವಳು ಎರಡೂ ಕೈ ಮುಂದೆ ಚಾಚಿದಳು. "ಇಲ್ಲಿ ಕೊಡ್ರಿ ಅಕ್ಕಾರ. ಹಸಿವ್ಯಾಗೈತಿ ಅದಕ್ಕ, ಅಳಾಕ ಹತ್ತತೈತಿ," ಎಂದಳು. ನಾನು ಕೊಟ್ಟೆ. ಮಗು ಗಾಢ ನಿದ್ದೆಯಲ್ಲಿತ್ತು.