ಬಲಗಾಲಿನ ತಂತಿ

ನಮ್ಮವ್ವನ ಬಲಗಾಲು ಆನೆಕಾಲು. ಇಷ್ಟು ಸರಳ ಮಾತು ಬರಿಯಾಕ ನನಗ ಇಷ್ಟು ವರ್ಷ ಹಿಡೀತು, ಯಾಕಂದ್ರ ನಮ್ಮ ಮನ್ಯಾಗ ಆ ಶಬ್ದ ಯಾರೂ ಆಡ್ತಿರಲಿಲ್ಲ. 'ಆ ಕಾಲು' ಅಂತಿದ್ವಿ, ಅಷ್ಟ. ಸೊಳ್ಳಿ ಕಚ್ಚಿ ಮೈಯಾಗ ಸೇರಿದ ಹುಳ ಯಾವಾಗೋ ಸತ್ತು ಹೋಗಿರಬೇಕು, ಕಾಲು ಮಾತ್ರ ಇನ್ನ ಹಂಗ ಉಳಿಯೋದು ಅಂತ ಡಾಕ್ಟರು ಹೇಳಿಬಿಟ್ಟಿದ್ರು. ಅಪ್ಪ ಕೇಂದ್ರ ಸರ್ಕಾರದ ಕಾರ್ಖಾನ್ಯಾಗ ಫಿಟ್ಟರ್. ಆ ನೌಕರಿ ಸಲುವಾಗಿ ರಾಯಚೂರು ಕಡೆಯಿಂದ ಹೈದರಾಬಾದಿಗೆ ಬಂದು, ಕೂಕಟ್‌ಪಲ್ಲಿಯೊಳಗ ಎರಡನೇ ಅಂತಸ್ತಿನ ಬಾಡಿಗಿ ಮನ್ಯಾಗ ಇದ್ವಿ.

ಅವ್ವ ಸೀರಿ ನೆಲಕ್ಕ ತಾಗೂವಂಗ ಇಳಿಬಿಟ್ಟು ಉಡ್ತಿದ್ಳು. ದಸರಾಕ್ಕ ಬನ್ನಿ ಕೊಟ್ಟು ಕಾಲಿಗೆ ಬೀಳಾಕ ಬಂದವರಿಗೆ, "ಅಲ್ಲಿಂದನ ಸಾಕ್ರಿ, ದೇವರು ಒಳ್ಳೇದು ಮಾಡ್ಲಿ" ಅಂತ ಕಾಲು ಸೀರಿಯೊಳಗ ಎಳಕೋತಿದ್ಳು. ಯಾರರ ಕೇಳಿದ್ರ ಸಣ್ಣಾಕಿದ್ದಾಗ ಮುಳ್ಳು ಚುಚ್ಚಿತ್ತು ಅಂತ ಹೇಳೋದು. ಎಂಥಾ ಮುಳ್ಳದು, ಮಾರಾಯ್ತಿ! ನನಗ ಮೊದಲ ಸಿಟ್ಟು ಮೂಗಿನ ತುದಿ ಮ್ಯಾಲೆ, ಆ ಸುಳ್ಳು ಕೇಳಿದಾಗೆಲ್ಲಾ ಮೈ ಉರೀತಿತ್ತು. ಕಳವು ಮಾಡಿದಾಕಿನಂಗ ಯಾಕ ಮುಚ್ಚಿಡ್ತಿ ಬೇ ಅಂತ ಬೈತಿದ್ದೆ. "ನಿನಗ ತಿಳಿಯಂಗಿಲ್ಲ, ಸುಮ್ಕಿರು" ಅಂತಿದ್ಳು.

ನಾ ಡಿಗ್ರಿ ಓದೂ ಮುಂದ, ಒಂದು ಬ್ಯಾಸಗಿಯೊಳಗ, ಆಕಿ ಎಡಗಾಲೂ ಬಾತಿತು. ಅವ್ವ ಅಡಗಿಮನಿ ಹೊಸ್ತಿಲದ ಮ್ಯಾಲೆ ಕುಂತು, ಎರಡೂ ಕಾಲು ಮುಂದ ಚಾಚಿ ನೋಡಿಕೋತ ಅಳಾಕತ್ತಿದ್ಳು. "ಇದಕ್ಕೂ ಹತ್ತಿತಲ್ಲ ಯವ್ವಾ, ಇನ್ನ ಯಾ ಕಾಲು ತೋರಿಸಿ ತಿರುಗಾಡ್ಲಿ?" ಅಂದ್ಳು. ನಮಗೂ ಹಂಗ ಅನಿಸ್ತು. ಆನೆಕಾಲು ಇದ್ದಾಕಿ ಇನ್ನೊಂದು ಕಾಲು ಬಾತ್ರ ಬ್ಯಾರೆ ಏನು ಅಂದುಕೊಳ್ಳೋದು? ಮೆಟ್ಟಲಾ ಹತ್ತೂ ಮುಂದ ನಡುವ ನಿಂತು ದಮ್ಮು ತಗೋತಿದ್ಳು, ಅಷ್ಟು ಭಾರ ಎಳಕೊಂಡು ಏರಿದ್ರ ಯಾರಿಗಾದ್ರೂ ದಮ್ಮು ಹತ್ತತೈತಿ ಅಂತ ಅಪ್ಪ ಅಂದ. ಕೆಮ್ಮು ಬಂತು, ಊರಿನ ಧೂಳು ಅಂದ್ವಿ. ಎಲ್ಲಾದಕ್ಕೂ ನಮ್ಮ ಹತ್ರ ಒಂದೊಂದು ಉತ್ತರ ಇತ್ತು.

ಮಲಗಿದಾಗ ಕಾಲು ಎತ್ತರಕ್ಕ ಇರಬೇಕು ಅಂತ ಕಾಲಿನ ದವಾಖಾನ್ಯಾಗ ಹಿಂದ ಹೇಳಿದ್ರು. ಅಪ್ಪ ಫಿಟ್ಟರ್ ನೋಡ್ರಿ, ದಿಂಬು ಇಟ್ಟು ಸುಮ್ಮನಾಗೂ ಮನಶ್ಯಾ ಅಲ್ಲ. ಗಟ್ಟಿ ಕಟಗಿ ತುಂಡು ತಂದು, ಮಂಚದ ಕಾಲು ಕೂಡೂವಂಗ ಕುಳಿ ತಗದು, ಉಜ್ಜಿ ನುಣ್ಣಗ ಮಾಡಿ, ಕಾಲ್ದೆಸಿ ಮಂಚ ಎತ್ತರಿಸಿದ್ದ. ಎರಡೂ ಬಾಜು ಸಮ ಐತೋ ಇಲ್ಲೋ ಅಂತ ರಸಮಟ್ಟ ಇಟ್ಟು ನೋಡಿದ್ದ! ಎಡಗಾಲೂ ಬಾತ ಮ್ಯಾಲೆ ಇನ್ನೊಂದು ತುಂಡು ಸೇರಿಸಿದ. ಪಾಪ, ಬಾಯಿಲೆ ಪ್ರೀತಿ ಮಾತು ಆಡಿದವನಲ್ಲ, ಅವನ ಪ್ರೀತಿ ಎಲ್ಲಾ ಆ ಕಟಗ್ಯಾಗ ಇತ್ತು.

ಅವ್ವ ಮಾತ್ರ ಆ ಮಂಚದ ಮ್ಯಾಲೆ ನಿಲ್ಲವಲ್ಲಳು. ಮುಂಜಾನೆ ಎದ್ದು ನೋಡಿದ್ರ ಕೆಳಗ ಗ್ವಾಡಿಗೆ ಆನಿಕೊಂಡು ಕುಂತಿರ್ತಿದ್ಳು. ಯಾಕ ಇಳಿದಿ ಅಂತ ಅಪ್ಪ ಕೇಳಿದ್ರ, "ಮಲಕೊಂಡ್ರ ಯಾರೋ ಎದಿ ಮ್ಯಾಲೆ ಕುಂತಂಗ ಆಕ್ಕೈತ್ರಿ" ಅಂತಿದ್ಳು. ಆ ಮಾತಿಗೆ ನನಗ ಹೆದರಿಕಿ ಹುಟ್ಟಿತು. ಓಣ್ಯಾಗಿನ ಡಾಕ್ಟರು ಒಂದು ಇಸಿಜಿ ತಗಸ್ರಿ ಅಂದ್ರು. ಮೇನ್ ರೋಡಿನ ಒಂದು ಸಣ್ಣ ದವಾಖಾನಿಗೆ ಕರಕೊಂಡು ಹೋದ್ವಿ.

ಇಸಿಜಿ ತಗಿಯಾಕ ಎರಡು ಕೈಗೆ ಎರಡು ಕಾಲಿಗೆ ಒಂದೊಂದು ಚಿಮಟಾ ಹಾಕಿ, ಅದಕ್ಕ ತಂತಿ ಹಚ್ತಾರ. ಬಲಗಾಲಿಗೆ ಚಿಮಟಾ ಹಿಡೀಲಿಲ್ಲ. ಇಸಿಜಿ ತಗಿಯೂ ಹುಡುಗಿ ಚಿಮಟಾದ ಬಾಯಿ ಹಿಗ್ಗಿಸಿ ಹಿಗ್ಗಿಸಿ ನೋಡಿದ್ಳು, ಅದು ಜಿಗಿದು ಕೆಳಗ ಬಿತ್ತು. ಸೀರಿ ಮಳಕಾಲತನ ಸರಿದಿತ್ತು, ಪರದೆಯಾಚೆ ಕುಂತ ಮಂದಿ ಇಣಿಕಿ ನೋಡಾಕತ್ತಿದ್ರು. "ವಾಪು ತಗ್ಗಾಕ ರಂಡಿ" ಅಂತ ಆ ಹುಡುಗಿ ತೆಲುಗಿನ್ಯಾಗ ಅಂದ್ಳು. ಅಂದ್ರ, ಬಾವು ಇಳಿದ ಮ್ಯಾಲೆ ಬರ್ರಿ ಅಂತ! ನಾ ಹುಟ್ಟೂಕಿಂತ ಮೊದಲಿನಿಂದ ಇಳೀದಿದ್ದ ಬಾವು, ಇನ್ನ ಯಾವಾಗ ಇಳೀಬೇಕಿತ್ತು? ನಾ ಜಗಳಕ್ಕ ನಿಂತೆ. ಅಷ್ಟರಾಗ ಅವ್ವ ಸೀರಿ ಜಗ್ಗಿಕೊಂಡು ಹೊರಗ ನಡದಬಿಟ್ಟಿದ್ಳು. ರಿಕ್ಷಾದಾಗ ಕುಂತು, "ನಿನ್ನ ಕಾಲಿಗೆ ಬೀಳ್ತೀನಿ, ನನ್ನ ಇನ್ನ ಯಾವ ದವಾಖಾನಿಗೂ ಒಯ್ಯಬ್ಯಾಡ" ಅಂದ್ಳು.

ಒಂದು ವರ್ಷ ಹೋತು. ಹೌದ್ರಿ, ಒಂದು ವರ್ಷ. ಬೇಡಿದೆ, ಬೈದೆ, ಊಟ ಬಿಟ್ಟೆ. ಆಕಿ ಹೊಸ್ತಿಲ ದಾಟಲಿಲ್ಲ.

ಕಡೀಗೆ ಒಂದು ಐತವಾರ ಮಧ್ಯಾಹ್ನ, ಅಪ್ಪ ಒತ್ತಾಯ ಮಾಡಿ ಮಂಚದ ಮ್ಯಾಲೆ ಮಲಗಿಸಿದ್ದ. ಸ್ವಲ್ಪ ಹೊತ್ತಿಗೇ ಅವ್ವ ಧಡಕ್ಕನ ಎದ್ದು ಕುಂತ್ಳು. ತುಟಿ ನೀಲಿ ಬಣ್ಣಕ್ಕ ತಿರುಗಿದ್ವು, ಬಾಯಿ ತಗದು ಗಾಳಿ ಹುಡುಕಾಕತ್ತಿದ್ಳು. ಆವತ್ತು ಆಕಿ ಮಾತು ಯಾರು ಕೇಳ್ತಾರ! ಬಾಜು ಮನಿಯವರ ಕೈ ಹಿಡಿಸಿ ಇಳಿಸಿ, ಆಟೋದಾಗ ಹಾಕಿಕೊಂಡು ಊರೊಳಗಿನ ದೊಡ್ಡ ದವಾಖಾನಿಗೆ ಓಡಿದ್ವಿ. ಅವ್ವಾ ಉಸಿರು ತಗೋ, ಅವ್ವಾ ನನ್ನ ಕಡೆ ನೋಡು ಅಂತ ದಾರಿಯುದ್ದಕ್ಕೂ ಒದರಿಕೋತ ಹೋದೆ.

ಅಲ್ಲಿದ್ದ ಡಾಕ್ಟರಮ್ಮ ಆಕ್ಸಿಜನ್ ಹಚ್ಚಿ, ಕುತ್ತಿಗಿ ನರ ನೋಡಿದ್ರು. ಆಮ್ಯಾಲೆ ಎರಡೂ ಕಾಲಿನ ಮ್ಯಾಲೆ ಹೆಬ್ಬೆಟ್ಟು ಊರಿದ್ರು. ಬಲಗಾಲು ಗಟ್ಟಿ, ಏನೂ ಆಗಲಿಲ್ಲ. ಎಡಗಾಲಿನ್ಯಾಗ ನಾದಿದ ಹಿಟ್ಟಿನ್ಯಾಗ ಬಿದ್ದಂಗ ಕುಳಿ ಬಿತ್ತು, ಮ್ಯಾಲೆ ಬರಲೇ ಇಲ್ಲ. "ಈ ಕಾಲಿಗೆ ಆ ರೋಗ ಇಲ್ಲ. ಇದು ಹಾರ್ಟಿನ ನೀರು" ಅಂತ ಹಿಂದಿಯೊಳಗ ಹೇಳಿದ್ರು. ಇಸಿಜಿ ಮಷೀನು ಬಂತು. ನಾ ಮೊದಲ ಹೇಳಿಬಿಟ್ಟೆ, ಬಲಗಾಲಿಗೆ ಚಿಮಟಾ ಹಿಡಿಯಂಗಿಲ್ಲ ಅಂತ. ಅವರು ತಲಿ ಸೈತ ಎತ್ತಲಿಲ್ಲ. "ಆ ಕಾಲಿನ ತಂತಿ ಎಲ್ಲಿ ಹಚ್ಚಿದ್ರೂ ನಡೀತದ" ಅಂತ ಅಂದು, ಹೊಟ್ಟಿ ಬಾಜುಕ್ಕ ಒಂದು ಪಟ್ಟಿ ಅಂಟಿಸಿ ತಂತಿ ಸಿಗಿಸಿದ್ರು. ಮಷೀನು ಓಡಿತು.

ಎಲ್ಲಿ ಹಚ್ಚಿದ್ರೂ ನಡೀತಿತ್ತು! ಅಯ್ಯೋ ನಮ್ಮ ಹಣೆಬರಹವೇ, ಆ ಒಂದು ತಂತಿಗೆ ನಮ್ಮವ್ವನ ಒಂದು ವರ್ಷ ಹೋಗಿತ್ತು.

ಮನ್ಯಾಗ ಹೆಂಗ ಮಲಗ್ತಾರ ಅಂತ ಕೇಳಿದ್ರು. ಕಾಲು ಎತ್ತರಿಸಾಕ ತಾನು ಏನೇನು ಮಾಡೀನಿ ಅನ್ನೋದನ್ನ ಅಪ್ಪ ಬಿಡಿಸಿ ಬಿಡಿಸಿ ಹೇಳಿದ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, ಮೆಲ್ಲಕ ಹೇಳಿದ್ರು: ಆ ಕಾಲಿಗೆ ಅದು ಸರಿ, ಈ ಹಾರ್ಟಿಗೆ ಅಲ್ಲ, ಕಾಲಿನ ನೀರೆಲ್ಲಾ ಎದಿಗೆ ಹೋಗಿ ಕೂಡ್ತದ. ಅಪ್ಪ ಮತ್ತೊಮ್ಮೆ ಹೇಳ್ರಿ ಅಂತ ಕೇಳಿದ. ಅವರು ಮತ್ತೊಮ್ಮೆ ಹೇಳಿದ್ರು. ಆವತ್ತ ರಾತ್ರಿ ಅಪ್ಪ ಮನಿಗೆ ಹೋಗಿ ಮಂಚದ ಕೆಳಗಿನ ಕಟಗಿ ತುಂಡು ಎಲ್ಲಾ ತಗದು ಹಾಕಿದ.

ಎಕೋ ಮಾಡಿದ್ರು. ಹಾರ್ಟು ಹಿಗ್ಗಿ ಸೋತೈತಿ, ಗುಳಿಗಿಗೆ ಎಷ್ಟು ದಿನ ತಡೀತೈತೋ ಅಷ್ಟು, ಮೊದಲ ಬಂದಿದ್ರ ಬ್ಯಾರೆ ಮಾತಿತ್ತು ಅಂದ್ರು. ನೀರು ಇಳಿಸಿ ಮನಿಗೆ ಕಳಿಸಿದ್ರು. ಅವ್ವಗ ಹೆಂಗ ಹೇಳೋದು ಅಂತ ನಾವಿಬ್ಬರೂ ಒದ್ದಾಡಿದ್ವಿ. ಕಡೀಗೆ ನಾನ ಆಕಿ ಬಾಜು ಕುಂತು, ಯವ್ವಾ ನಿನ್ನ ಹಾರ್ಟ್ ಭಾಳ ವೀಕ್ ಐತಿ ಅಂದೆ.

ಆಕಿ ಕೇಳಿದ್ದು ಒಂದ. "ಹಂಗಾರ ಎಡಗಾಲಿಗೆ ಅದು ಹತ್ತಿಲ್ಲ?"

"ಇಲ್ಲ ಬೇ."

ಅವ್ವನ ಮುಖ ಅರಳಿತು. ದೇವರಾಣಿ, ಅರಳಿತು. ಬಾಗಲಾ ತಗದು, ಎದುರು ಮನಿ ತೆಲುಗು ಆಂಟಿನ್ನ ಕೂಗಿ ಕರದು, "ನಾಕು ಗುಂಡೆ ಜಬ್ಬು ಅಂಡಿ" ಅಂದ್ಳು. ನನಗ ಹಾರ್ಟಿನ ರೋಗ ಐತ್ರಿ ಅಂತ, ಗಟ್ಟಿ ದನಿಲೆ, ಇಡೀ ಅಂತಸ್ತಿಗೆ ಕೇಳೂವಂಗ. ಆಂಟಿ ಬಾಯಿ ಮ್ಯಾಲೆ ಕೈ ಇಟ್ಕೊಂಡು ಓಡಿ ಬಂದ್ರು. ಮರುದಿನದಿಂದ ಮಂದಿ ಬರಾಕ ಶುರುವಾದ್ರು, ಮೋಸಂಬಿ ತಂದ್ರು, ಎಳನೀರು ತಂದ್ರು, ಕೈ ಹಿಡಿದು ಕುಂತ್ರು. ಅವ್ವ ಕುರ್ಚಿ ಮ್ಯಾಲೆ ಕುಂತು ಬಂದವರಿಗೆಲ್ಲಾ ತನ್ನ ರೋಗದ ಹೆಸರು ಹೇಳಿದ್ದೇ ಹೇಳಿದ್ದು. ಚಳಿಗಾಲ ಮುಗಿಯೂದರೊಳಗ ಹೋಗಿಬಿಟ್ಳು. ಆ ದಿನದಾಗ ನಮ್ಮವ್ವ ಸಾಯಾಕತ್ತಿದ್ಳು, ಆದ್ರ ಆಕಿ ಅಷ್ಟು ಖುಷಿಯಿಂದ ಇದ್ದದ್ದನ್ನ ನಾ ಎಂದೂ ನೋಡಿರಲಿಲ್ಲ.