ಮನೆಗೊಂದೇ ಹಾಳೆ

ಹಿಂದೂಪುರದ ಹುಣಸೆ ಮಂಡಿಯಲ್ಲಿ ನಾನು ಲೆಕ್ಕ ಬರೆಯುತ್ತಿದ್ದ ಕಾಲಕ್ಕೆ ನಮ್ಮ ಬೀದಿಗೆ ಕಂಪ್ಯೂಟರ್ ಇನ್ನೂ ಬಂದಿರಲಿಲ್ಲ. ದಿನವಹಿ, ಲೆಡ್ಜರ್, ಎರಡೇ ಪುಸ್ತಕ. ಯಾರು ಮೂಟೆ ತಂದರು, ಎಷ್ಟು ತೂಗಿತು ಅನ್ನುವುದೆಲ್ಲ ನಡೆದ ಹಾಗೇ ದಿನವಹಿಗೆ. ಸಂಜೆ ಅದನ್ನು ವಿಂಗಡಿಸಿ ಲೆಡ್ಜರಿನಲ್ಲಿ ಅವರವರ ಹಾಳೆಗೆ ಏರಿಸಬೇಕು. ಎಡಕ್ಕೆ ಅವರು ತೆಗೆದುಕೊಂಡದ್ದು, ಬಲಕ್ಕೆ ನಾವು ಕೊಡಬೇಕಾದದ್ದು. ಅವರವರ ಹಾಳೆ ಅಂತ ಹೆಸರಿಗಷ್ಟೆ, ಅದು ಮನೆಯ ಹಿರಿಯ ಗಂಡಸಿನ ಹಾಳೆ. ತಮ್ಮ ತಂದ ಮೂಟೆಯೂ ಅಣ್ಣನ ಹೆಸರಿಗೇ ಜಮೆ.

ಒಂದು ಮಧ್ಯಾಹ್ನ ಕಲ್ಯಾಣದುರ್ಗದ ಕಡೆಯ ಲಾರಿಯಿಂದ ಮೂಟೆಗಳ ಜೊತೆಗೇ ಒಬ್ಬ ಹೆಂಗಸು ಇಳಿದಳು. ಗಂಡ ತೀರಿಕೊಂಡು ವರ್ಷ ತುಂಬಿರಲಿಲ್ಲ. ಅವನ ಪಾಲಿನ ಮರಗಳನ್ನು ತಾನೇ ಮುಂದೆ ನಿಂತು ಬಡಿಸಿ, ಹಣ್ಣು ಉದುರಿಸಿ ತಂದಿದ್ದಳು. ಮಗಳು ಕಲ್ಯಾಣದುರ್ಗದ ಕಾಲೇಜಿನಲ್ಲಿ ಇಂಟರ್ ಓದುತ್ತಿದ್ದಾಳೆ, ಫೀಸು ಕಟ್ಟದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲವಂತೆ ಅಂದಳು.

"ನನ್ ಹೆಸ್ರಲ್ಲಿ ಒಂದು ಹಾಳೆ ತೆಗಿಯಪ್ಪ. ನಮ್ ಭಾವನ ಲೆಕ್ಕಕ್ಕೆ ಹೋದ್ರೆ ಒಂದು ಕಾಸೂ ನನ್ ಕೈಗೆ ಬರಾಕಿಲ್ಲ ಕಣಪ್ಪ."

ಲೆಡ್ಜರ್ ಹೊತ್ತುಕೊಂಡು ಸಾಹುಕಾರರ ಹತ್ತಿರ ಹೋದೆ. ಅದರ ಕೊನೆಯಲ್ಲಿ ಖಾಲಿ ಹಾಳೆ ಬೇಕಾದಷ್ಟಿದ್ದವು. ಅವರು ತಲೆ ಎತ್ತದೆ ತೆಲುಗಿನಲ್ಲಿ, "ಇಂಟಿಕಿ ಒಕಟೇ ಖಾತಾ" ಅಂದರು. ಮನೆಗೊಂದೇ ಖಾತೆ, ಮುಗಿಯಿತು. ಇವಳಿಗೆ ಹಾಳೆ ಕೊಟ್ಟರೆ ನಾಳೆ ಊರೂರಿನ ಮನೆಜಗಳವೆಲ್ಲ ಮಂಡಿಗೇ ಬರುತ್ತದಂತೆ. ದಿನವಹಿಯಲ್ಲಿ ಅವಳ ಹೆಸರೇ ಇದೆಯಲ್ಲ ಅಂತ ನಾನು ಬಿಡದೆ ವಾದಿಸಿದೆ. ದಿನವಹಿ ನೋಡಿ ಯಾರಿಗೂ ದುಡ್ಡು ಕೊಡುವುದಿಲ್ಲ, ಲೆಡ್ಜರ್ ನೋಡಿ ಕೊಡುತ್ತೇವೆ ಅಂದರು. ಅದು ನಿಜವೇ. ಅದಕ್ಕೇ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ.

ಮರುವಾರ ಅವಳ ಭಾವ, ಗಂಡನ ಅಣ್ಣ, ಬಂದ. ಅವನ ಹಾಳೆಯಲ್ಲಿ ಹಳೆಯ ಮುಂಗಡ ನಿಂತಿತ್ತು. ಅವಳ ಹುಣಸೆಹಣ್ಣೆಲ್ಲ ಅದಕ್ಕೇ ವಜಾ ಆಯಿತು, ಉಳಿದ ಚಿಲ್ಲರೆಯನ್ನು ಅವನೇ ಜೇಬಿಗಿಳಿಸಿ ಹೋದ. ನನ್ನ ಬ್ಯಾಲೆನ್ಸ್ ಪೈಸೆ ತಪ್ಪದೆ ಕೂಡಿತು. ಥೂ, ಏನು ಲೆಕ್ಕವೋ!

ಮುಂದಿನ ಸುಗ್ಗಿಯಲ್ಲಿ ಅವಳನ್ನು ಮತ್ತೆ ಕಂಡೆ. ಮಂಡಿಯ ಹಿಂದಿನ ಚಪ್ಪರದಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುವ ಹೆಂಗಸರ ಸಾಲಿನಲ್ಲಿ ಕೂತಿದ್ದಳು. ಪಕ್ಕದಲ್ಲಿ ಮಗಳು. ಓದು ಏನಾಯಿತಮ್ಮ ಅಂತ ಕೇಳಿದೆ.

"ನಿಂತೋಯ್ತು ಕಣಪ್ಪ" ಅಂದಳು. ಕುಟ್ಟುವುದನ್ನು ನಿಲ್ಲಿಸಲಿಲ್ಲ. ಮಗಳು ನನ್ನ ಕಡೆ ನೋಡಲೂ ಇಲ್ಲ.

ಬೀಜ ತೆಗೆಯುವವರಿಗೆ ಲೆಡ್ಜರಿನಲ್ಲಿ ಹೆಸರಿರುವುದಿಲ್ಲ, ಅಷ್ಟೂ ಜನಕ್ಕೆ ಸೇರಿ ಕೂಲಿ ಖಾತೆ ಅಂತ ಒಂದು ಹಾಳೆ. ಸಂಜೆ ಅದರಲ್ಲಿ ಬರೆದೆ: ಹೆಣ್ಣಾಳು, ನಿನ್ನೆಗಿಂತ ಇಬ್ಬರು ಹೆಚ್ಚು.